ಖಾಲಿ ಬಿಟ್ಟ ಮೂರು ಸಾಲು

ಭಾಲ್ಕಿ,
ಬುಧವಾರ, 11 ಫೆಬ್ರುವರಿ 2026

ಪ್ರೀತಿಯ ಮಗಳು ಫೇತಳಿಗೆ,

ನಿನ್ನ ಅವ್ವ ರೂತಮ್ಮ ಭಾಲ್ಕಿಯ ಮನೆಯಿಂದ, ಆಲ್ವಿನನನ್ನು ಮಗ್ಗುಲಲ್ಲಿ ಕೂರಿಸಿಕೊಂಡು ಬರೆಯುವುದು. ನಿನಗೂ ಅಳಿಯ ಮಾರ್ಕ ಅವರಿಗೂ ದೇವರ ಸಮಾಧಾನವಿರಲಿ. ನನಗಂತೂ ಇವತ್ತು ಸಮಾಧಾನವಿಲ್ಲ. ಈ ಕಾಗದ ಮುಗಿಯುವ ಹೊತ್ತಿಗೆ ನಿನಗೂ ಇರುವುದಿಲ್ಲ. ಆದರೂ ಕೊನೆಯವರೆಗೆ ಓದಬೇಕು.

ಕೈಯಲ್ಲಿ ಫೋನಿದ್ದೂ ಮುದುಕಿ ಕಾಗದ ಬರೆದಿದ್ದಾಳಲ್ಲ ಎಂದು ನಿನ್ನ ಸ್ಟಾಫ್ ರೂಮಿನವರು ನಗಬಹುದು, ನಗಲಿ. ಆಲ್ವಿನನ ಕಣ್ಣಿನ ಮಾತು ತೆಗೆದ ಕೂಡಲೇ ನೀನು 'ಪಿರಿಯಡ್ ಅದವ್ವಾ, ಆಮ್ಯಾಲ ಮಾತಾಡ್ತೇನಿ' ಎಂದು ಫೋನ್ ಇಟ್ಟುಬಿಡುತ್ತಿ. ಸೋಮವಾರ ಒಂದು ಸಲ, ನಿನ್ನೆ ಮೂರು ಸಲ. ಮೂರನೆಯ ಸಲ ನಾನು ಮಾಡಿದ್ದು ಸಂಜೆ ಆರಕ್ಕೆ. ಆರು ಗಂಟೆಗೆ ಔರಾದಿನ ಯಾವ ಸಾಲಿಯಲ್ಲಿ ಪಿರಿಯಡ್ ಇರುತ್ತದೆ? ಫೋನನ್ನು ಕಟ್ ಮಾಡಿದ ಹಾಗೆ ಕಾಗದವನ್ನು ಕಟ್ ಮಾಡಲು ಬರುವುದಿಲ್ಲ. ಹರಿಯಬಹುದು. ಆದರೆ ಹದಿನಾಲ್ಕು ವರ್ಷ ಮಕ್ಕಳ ಪೇಪರ್ ತಿದ್ದಿದವಳು ಓದದೆ ಹರಿಯಲಾರಳು ಎಂದು ನಂಬಿದ್ದೇನೆ.

ಮಾರ್ಕ ಅವರ ಬಸ್ಸು ಹನ್ನೊಂದಕ್ಕೆ ಭಾಲ್ಕಿ ಸ್ಟ್ಯಾಂಡಿಗೆ ಬರುತ್ತದೆ. ಲಕೋಟೆಗೆ ಅಂಟು ಹಚ್ಚಿ ಅವರ ಕೈಯಲ್ಲೇ ಕೊಡುತ್ತೇನೆ. ಒಳಗೇನಿದೆ ಎಂದು ಅವರಿಗೆ ಹೇಳುವುದಿಲ್ಲ. ನಲವತ್ತು ಜನರನ್ನು ಕೂರಿಸಿಕೊಂಡು ಸ್ಟೇರಿಂಗ್ ಹಿಡಿದವರಿಗೆ ಮಗನ ಚಿಂತೆ ಹೊರಿಸಬಾರದು. ಔರಾದಿನಲ್ಲಿ ಬಸ್ಸು ನಿಂತು, ನೀನು ಓದಿದ ಮೇಲೆ ಅವರಿಗೂ ಕೊಡು.

ಮೊದಲು ಮಗುವಿನ ಸಂಗತಿ. ಹೋದ ಗುರುವಾರ ಸ್ನಾನ ಮಾಡಿಸುವಾಗ ಅವನ ಎಡಗಣ್ಣು ಮೂಗಿನ ಕಡೆಗೆ ಜಾರಿದ್ದನ್ನು ನೋಡಿದೆ. ತಿರುಗಿ ನೋಡುವಷ್ಟರಲ್ಲಿ ನೆಟ್ಟಗಾಗಿತ್ತು. ಸೋಪಿನ ಉರಿ ಇದ್ದೀತು ಎಂದುಕೊಂಡೆ. ಶುಕ್ರವಾರ ಅಂಗಳದಲ್ಲಿ ನಡೆಯುವಾಗ ಎಡಕ್ಕೆ ವಾಲಿ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡ. ಅದೇ ಚೌಕಟ್ಟು, ಅದೇ ಭುಜ, ಮಧ್ಯಾಹ್ನದೊಳಗೆ ಮೂರು ಸಲ. ಶನಿವಾರ ನೀನು ಬಂದಾಗ ನಿನಗೂ ತೋರಿಸಿದೆ. 'ಆಟಾ ಆಡ್ತಾನವ್ವಾ' ಎಂದಿ. ಸೋಮವಾರ ತಟ್ಟೆಯಲ್ಲಿದ್ದ ಬಿಸ್ಕತ್ತಿಗೆ ಕೈ ಚಾಚಿದ, ಕೈ ನಡುಗಿ ಬಿಸ್ಕತ್ತಿನ ಆಚೆ ಹೋಗಿ ಬಿತ್ತು. ನಿನ್ನೆ ಚಮಚ ಬೇಕಾಗಿತ್ತು, ಚಮಚ ಎಂಬ ಮಾತು ಅವನಿಗೆ ಸಿಗಲಿಲ್ಲ. 'ಆಯಿ, ಅದು... ಅದು' ಎನ್ನುತ್ತ ಸಿಟ್ಟಿನಿಂದ ಅತ್ತ. ನೀನು ಕಲಿಸಿದ ಎರಡು ಸಾಲಿನ ಪ್ರಾರ್ಥನೆಯಲ್ಲಿ ಎರಡನೆಯ ಸಾಲು ಮೂರು ದಿನದಿಂದ ಬರುತ್ತಿಲ್ಲ. ಇದೆಲ್ಲವನ್ನೂ ನನ್ನ ರಿಜಿಸ್ಟರಿನಲ್ಲಿ ತಾರೀಖು, ಹೊತ್ತು ಹಾಕಿ ಬರೆದಿದ್ದೇನೆ. ಆಟವಾಡುವ ಮಗು ದಿನವೂ ಒಂದೇ ಕಡೆಗೆ ವಾಲುವುದಿಲ್ಲ, ಫೇತ.

ನಿನಗೆ ಯಾಕೆ ಇದನ್ನು ಕೇಳಲು ಮನಸ್ಸಿಲ್ಲ ಎಂದು ನನಗೆ ಗೊತ್ತು. ರಕ್ತದ ರಿಪೋರ್ಟು ಚೆನ್ನಾಗಿ ಬಂದಿದೆ. ಮಗು ಉಳಿದದ್ದಕ್ಕೆ ಔರಾದಿನ ಚರ್ಚಿನಲ್ಲಿ ಇಪ್ಪತ್ತೆರಡನೆಯ ತಾರೀಖು ಭಾನುವಾರ ಕೃತಜ್ಞತಾ ಕೂಟ ಇಟ್ಟಿದ್ದಿ, ಕಾರ್ಡು ಹಂಚಿಯಾಗಿದೆ, ಸಂತಪುರದ ನೆಂಟರಿಗೂ ಹೇಳಿಯಾಗಿದೆ. ಮಗುವಿಗೆ ಬಿಳಿ ಅಂಗಿ ಹೊಲಿಸಿದ್ದಿ. 'ದೇವರ ಮುಂದ ನಿಂತು ಉಪಕಾರ ಹೇಳಿ ಮುಗಿಸೂಣವ್ವಾ, ಆಮ್ಯಾಲ ಬೇಕಂದ್ರ ಹೋಗಿ ತೋರಿಸ್ಕೊಂಡು ಬರೂಣು' ಎಂದಿ. ಇನ್ನೂ ಹನ್ನೊಂದು ದಿನವಿದೆ. ಆ ಹನ್ನೊಂದು ದಿನ ನಮ್ಮ ಕೈಯಲ್ಲಿಲ್ಲ.

ಅದಕ್ಕಿಂತ ದೊಡ್ಡ ಕಾರಣವೂ ನನಗೆ ಗೊತ್ತಿದೆ, ನೀನು ಬಾಯಿಬಿಟ್ಟು ಹೇಳದಿದ್ದರೂ. ಹೈದರಾಬಾದಿನ ಆಸ್ಪತ್ರೆಯಲ್ಲಿ ಬೆನ್ನುಹುರಿಯ ನೀರು ತೆಗೆದು ಔಷಧಿ ಹಾಕುವಾಗ ಪ್ರತಿ ಸಲ ಅವನನ್ನು ಮಡಿಸಿ ಹಿಡಿದವಳು ನೀನೇ. ಮೊದಲೆರಡು ಸಲ ಚೀರಿದ. ಮೂರನೆಯ ಸಲ ಅಳಲೇ ಇಲ್ಲ, ಸುಮ್ಮನೆ ನಿನ್ನ ಮುಖ ನೋಡಿದ. ನೀನು ಹೊರಗೆ ಬಂದು ಗೋಡೆಗೆ ಹಣೆ ಹಚ್ಚಿ ನಿಂತದ್ದು ನನ್ನ ಕಣ್ಣಿನಿಂದ ಹೋಗಿಲ್ಲ. ಆ ನೋಟವನ್ನು ಇನ್ನೊಮ್ಮೆ ನೋಡಲಾರೆ ಎಂಬುದೇ ನಿನ್ನ ಅಂಜಿಕೆ. ನಾನು ತಾಯಿಯಾಗಿ ಅದಕ್ಕೆ ಬೈಯುವುದಿಲ್ಲ. ನರ್ಸಮ್ಮಳಾಗಿ ಒಪ್ಪುವುದೂ ಇಲ್ಲ.

ಡಿಸ್ಚಾರ್ಜ್ ಆಗುವ ದಿನ ಡಾಕ್ಟರು ಹೇಳಿದ್ದನ್ನು ನೆನಪಿಸಿಕೋ. ಇ.ಬಿ.ವಿ. ಎಂಬ ಈ ವೈರಸ್ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಬಂದು ಹೋಗುತ್ತದೆ, ಎಲ್ಲೋ ಒಂದು ಮಗುವಿನಲ್ಲಿ ಮಾತ್ರ ಮೈಯನ್ನು ಕಾಯಬೇಕಾದ ಕಣಗಳೇ ಹುಚ್ಚೆದ್ದು ಮೈಯನ್ನು ತಿನ್ನತೊಡಗುತ್ತವೆ ಎಂದರು. ಅದಕ್ಕೇ ಎಚ್.ಎಲ್.ಎಚ್. ಎಂದು ಹೆಸರು. ನಮ್ಮವನಿಗೆ ಅದು ಮೆದುಳಿಗೂ ಏರಿತ್ತು. ಮದ್ದಿನ ಪ್ರಮಾಣ ಇಳಿಸುತ್ತ ಹೋದಾಗ ರಕ್ತ ಚೆನ್ನಾಗಿದ್ದರೂ ಮೆದುಳಿನಲ್ಲಿ ಮಾತ್ರ ಮತ್ತೆ ಹೊತ್ತಿಕೊಳ್ಳಬಹುದು ಎಂದರು. ಕಣ್ಣು, ನಡಿಗೆ, ಮಾತು, ಫಿಟ್ಸು, ಇವುಗಳಲ್ಲಿ ಒಂದು ಬದಲಾದರೂ ಅದೇ ದಿನ ಕರೆದುಕೊಂಡು ಬನ್ನಿ, ರಕ್ತದ ರಿಪೋರ್ಟ್ ನಂಬಿ ಕೂರಬೇಡಿ ಎಂದರು. ನೀನೂ ಅಲ್ಲೇ ಇದ್ದಿ. ಕೈಯಲ್ಲಿ ಡೈರಿ ಹಿಡಿದು ಬರೆದುಕೊಂಡಿ. ಮದ್ದು ಪೂರ್ತಿ ಇಳಿಸಿ ಈಗ ಮೂರು ವಾರವಾಯಿತು.

ಇಷ್ಟು ಬರೆದರೂ ನೀನು ಏಳುವುದಿಲ್ಲ, ಯಾಕೆಂದರೆ ಜುಲೈ ತಿಂಗಳಿನಿಂದ ನಿನಗೆ ನನ್ನ ಮೇಲೆ ಒಂದು ಅನುಮಾನವಿದೆ. ಕೇಳುವುದಿಲ್ಲ, ಆದರೆ ಶನಿವಾರ ಬಂದಾಗೆಲ್ಲ ನನ್ನ ಕಪಾಟಿನ ಮೇಲಿನ, ಸೂಜಿ ಮದ್ದು ಇಡುವ ಚರ್ಮದ ಚೀಲವನ್ನು ಓರೆಗಣ್ಣಿನಿಂದ ನೋಡುತ್ತಿ. ಆ ಚೀಲದ ಬಗ್ಗೆ ಈಗ ಬರೆಯುತ್ತೇನೆ. ಏಳು ತಿಂಗಳು ತಡವಾಗಿದೆ.

ಕಳೆದ ಜುಲೈ ಹನ್ನೊಂದಕ್ಕೆ ಅವನಿಗೆ ಜ್ವರ ಬಂತು. ಭಾಲ್ಕಿಯ ಡಾಕ್ಟರು ನೋಡಿ ವೈರಲ್ ಜ್ವರ ಎಂದು ಸಿರಪ್ ಕೊಟ್ಟರು, ಇಳಿಯದಿದ್ದರೆ ಕರೆತನ್ನಿ ಎಂದರು. ಮೂರು ದಿನ ಇಳಿಯಲಿಲ್ಲ. ನೂರ ಮೂರು, ನೂರ ನಾಲ್ಕು. ನಿನಗೆ ಫೋನಿನಲ್ಲಿ 'ಕಡಿಮಿ ಆಗ್ಯಾದ' ಎನ್ನುತ್ತಿದ್ದೆ. ನಿವೃತ್ತಿಯಾದ ಮೇಲೆ ಸೂಜಿ ಮುಟ್ಟಬೇಡ ಎಂದು ನೀನು ನನ್ನಿಂದ ಮಾತು ತೆಗೆದುಕೊಂಡಿದ್ದಿ. ಆದರೆ ಮೂವತ್ತೆಂಟು ವರ್ಷ ವಾರ್ಡಿನಲ್ಲಿ ನಿಂತ ಹೆಂಗಸಿನ ಅಹಂಕಾರ ನಿನಗೆ ಗೊತ್ತಿಲ್ಲ. ಈ ಗಲ್ಲಿಯಲ್ಲಿ ಯಾರಿಗೆ ಜ್ವರ ಬಂದರೂ ಮೊದಲು ನನ್ನ ಬಾಗಿಲಿಗೆ ಬರುತ್ತಾರೆ. ನನ್ನ ಮೊಮ್ಮಗನ ಜ್ವರ ನನ್ನ ಕೈಯಲ್ಲಿ ಇಳಿಯುವುದಿಲ್ಲವೆಂದರೆ ಏನು ಮರ್ಯಾದೆ? ಹದಿನಾಲ್ಕು, ಹದಿನೈದು, ಹದಿನಾರು, ಮೂರು ದಿನ ನಾನು ಅವನಿಗೆ ಡೆಕ್ಸಾ ಚುಚ್ಚಿದೆ. ಸ್ಟೀರಾಯ್ಡ್. ಯಾವ ಡಾಕ್ಟರರೂ ಬರೆದುಕೊಟ್ಟಿರಲಿಲ್ಲ.

ಜ್ವರ ಇಳಿಯಿತು. ಹದಿನೇಳಕ್ಕೆ ಎದ್ದು ಕೂತು ಮೊಸರನ್ನ ತಿಂದ. ನಾನು ನಿನಗೆ ವಿಡಿಯೋ ಕಳಿಸಿದೆ. 'ನಿನ್ನ ಕೈಗುಣವವ್ವಾ' ಎಂದಿ. ನಾನು ಹಿಗ್ಗಿದೆ. ದೇವರಾಣೆ, ಹಿಗ್ಗಿದೆ. ಇಪ್ಪತ್ತಕ್ಕೆ ಜ್ವರ ದುಪ್ಪಟ್ಟಾಗಿ ತಿರುಗಿ ಬಂತು.

ನನ್ನ ರಿಜಿಸ್ಟರ್ ನಿನಗೆ ಗೊತ್ತೇ ಇದೆ. ಸಣ್ಣವಳಿದ್ದಾಗ ಅದರ ಹಿಂದಿನ ಹಾಳೆಯಲ್ಲಿ ಹೂವು ಬಿಡಿಸಿ ನನ್ನಿಂದ ಏಟು ತಿಂದಿದ್ದಿ. ಮಿಷನ್ ಆಸ್ಪತ್ರೆಯಲ್ಲಿ ನಮಗೆ ತರಬೇತಿ ಕೊಟ್ಟ ಮೇಟ್ರನ್ ಎರಡು ಕಟ್ಟಪ್ಪಣೆ ಮಾಡಿದ್ದರು. ರೋಗಿಗೆ ಏನು ಕೊಟ್ಟರೂ ಕೈ ತೊಳೆಯುವ ಮೊದಲು ಬರೆಯಬೇಕು. ಬರೆದದ್ದು ತಪ್ಪಾದರೆ ಹಾಳೆ ಹರಿಯಬಾರದು, ಮಸಿ ಬಳಿಯಬಾರದು. ತಪ್ಪಿನ ಮೇಲೆ ಒಂದೇ ಗೆರೆ ಎಳೆದು, ಕೆಳಗೆ ಸರಿಯಾದದ್ದನ್ನು ಬರೆದು, ಹೆಸರು ಹಾಕಬೇಕು. ತಪ್ಪೂ ಓದಲು ಬರುವಂತಿರಬೇಕು ಎನ್ನುತ್ತಿದ್ದರು. ನಿವೃತ್ತಿಯಾದ ಮೇಲೂ ನಾನು ಹಾಗೆಯೇ ನಡೆದವಳು. ಗಲ್ಲಿಯವರ ಬಿ.ಪಿ. ನೋಡಿದರೂ ಬರೆಯುತ್ತೇನೆ. ಜುಲೈ ಹಾಳೆಯಲ್ಲಿ ಮಾತ್ರ ಮೂರು ತಾರೀಖು ಬರೆದು ಮುಂದೆ ಖಾಲಿ ಬಿಟ್ಟೆ. ಶನಿವಾರ ನೀನು ಬಂದು ತೆರೆದು ನೋಡಿದರೆ ಎಂದು ಅಂಜಿದೆ. ಜೀವಮಾನದಲ್ಲಿ ನಾನು ಖಾಲಿ ಬಿಟ್ಟದ್ದು ಆ ಮೂರೇ ಸಾಲು.

ಇಪ್ಪತ್ತೆರಡಕ್ಕೆ ಅವನ ಎಡಪಕ್ಕೆಯ ಕೆಳಗೆ ಗಟ್ಟಿಯಾಗಿ ಕೈಗೆ ಹತ್ತಿತು, ಗುಲ್ಮ ಊದಿತ್ತು. ಎರಡು ದಿನ ನೋಡಿ ಇಪ್ಪತ್ತನಾಲ್ಕಕ್ಕೆ ಬೀದರಿಗೆ ಒಯ್ದೆವು. ಅಲ್ಲಿ ಅಡ್ಮಿಟ್ ಮಾಡಿಕೊಂಡ ಡಾಕ್ಟರು, ಇನ್ನೂ ಎಳೆಯ ಹುಡುಗ, ಬಹಳ ಮರ್ಯಾದೆಯಿಂದ ಕೇಳಿದರು. 'ಮನಿಯಾಗ ಏನರ ಇಂಜೆಕ್ಷನ್ ಕೊಟ್ಟೀರೇನ್ರಿ ಅಮ್ಮಾ? ಸ್ಟೀರಾಯ್ಡ್ ಏನರ?' ನೀನು ನನ್ನ ಪಕ್ಕದಲ್ಲಿ ನಿಂತಿದ್ದಿ. ನಾನು 'ಇಲ್ರಿ ಡಾಕ್ಟರೇ, ಜ್ವರದ ಸಿರಪ್ ಅಷ್ಟ' ಎಂದೆ. ಅವರು ನನ್ನ ಬಿಳಿ ಸೀರೆ ನೋಡಿದರು, ನೀನು ಹೆಮ್ಮೆಯಿಂದ 'ನಮ್ಮವ್ವ ಸಿಸ್ಟರ್ ಇದ್ರುರಿ' ಎಂದಿ. ಅವರು ನಂಬಿದರು. ಬೇರೆ ಯಾವ ಅಜ್ಜಿಯ ಮಾತನ್ನೂ ಅವರು ಅಷ್ಟು ಸುಲಭವಾಗಿ ನಂಬುತ್ತಿರಲಿಲ್ಲ.

ಆ ಸುಳ್ಳಿನಿಂದ ಏನಾಯಿತು ಎಂದು ಹೈದರಾಬಾದಿನಲ್ಲಿ ತಿಳಿಯಿತು. ನೀನು ಕ್ಯಾಂಟೀನಿಗೆ ಹೋದಾಗ ನಾನು ಅಲ್ಲಿನ ಡಾಕ್ಟರರನ್ನು ಯಾರದೋ ಮಗುವಿನ ಮಾತೆಂಬಂತೆ ಕೇಳಿದೆ. ಹೀಗೆ ಮೊದಲೇ ಸ್ಟೀರಾಯ್ಡ್ ಬಿದ್ದರೆ ಏನಾಗುತ್ತದೆ ಎಂದು. ರೋಗ ಕೆಲವು ದಿನ ತಲೆ ತಗ್ಗಿಸುತ್ತದೆ, ಪರೀಕ್ಷೆಯಲ್ಲಿ ಪೂರ್ತಿ ತೋರುವುದಿಲ್ಲ, ನಾವು ಟೈಫಾಯಿಡ್ ಇದ್ದೀತು, ಟಿ.ಬಿ. ಇದ್ದೀತು ಎಂದು ಹುಡುಕುತ್ತ ಕೂರುತ್ತೇವೆ ಎಂದರು. ಬೀದರಿನಲ್ಲಿ ಹತ್ತು ದಿನ ಹಾಗೆಯೇ ಹೋಯಿತು. ಅವರು ತಮ್ಮ ಕೆಲಸ ಸರಿಯಾಗಿಯೇ ಮಾಡಿದರು, ಅವರ ಮುಂದೆ ಇಟ್ಟ ಸಂಗತಿಯೇ ಸುಳ್ಳಾಗಿತ್ತು. ಆಗಸ್ಟ್ ಮೂರಕ್ಕೆ ಅಂಬುಲೆನ್ಸಿನಲ್ಲಿ ಜಹೀರಾಬಾದ ದಾಟುವಾಗ ಅವನಿಗೆ ಮೊದಲ ಫಿಟ್ಸ್ ಬಂತು. ಅವನ ತಲೆ ನನ್ನ ತೊಡೆಯ ಮೇಲಿತ್ತು. ಹತ್ತು ದಿನ ಮೊದಲೇ ಹೋಗಿದ್ದರೆ ಬರುತ್ತಿರಲಿಲ್ಲ ಎಂದು ಯಾರೂ ಹೇಳಲಾರರು. ಬರುತ್ತಿತ್ತು ಎಂದೂ ಹೇಳಲಾರರು. ಆ ಉತ್ತರವಿಲ್ಲದ ಪ್ರಶ್ನೆ ನನ್ನದು, ನಾನು ಸಾಯುವವರೆಗೆ ನನ್ನದೇ.

ಆಮೇಲೆ ಹೈದರಾಬಾದಿನವರೂ ಅದೇ ಡೆಕ್ಸಾ ಕೊಟ್ಟರಲ್ಲ ಎಂದು ನೀನು ನನ್ನ ಪರವಾಗಿ ವಾದಿಸಬಹುದು. ನಾನೂ ಆರು ತಿಂಗಳು ಹಾಗೇ ಹೇಳಿಕೊಂಡು ಊಟ ಮಾಡಿದೆ, ನಿದ್ದೆ ಮಾಡಿದೆ. ಅವರು ರೋಗದ ಹೆಸರು ತಿಳಿದು, ತೂಕ ನೋಡಿ, ಬೇರೆ ಮದ್ದಿನ ಜೊತೆ, ಕಣ್ಣಿಟ್ಟು ಕೊಟ್ಟರು. ನಾನು ಕೈಗುಣ ತೋರಿಸಲು ಕೊಟ್ಟೆ.

ಇನ್ನೊಂದು ಮಾತಿದೆ, ಇದನ್ನು ಬರೆಯಲು ಚುಚ್ಚುಮದ್ದಿನ ಮಾತಿಗಿಂತ ಕಷ್ಟವಾಗುತ್ತಿದೆ. ಈ ವೈರಸ್ ಎಂಜಲಿನಿಂದ ಹರಡುತ್ತದೆ ಎಂದು ಡಾಕ್ಟರು ಹೇಳಿದ್ದೇ ತಡ, ನಿನ್ನ ಮನಸ್ಸು ಹಿತ್ತಲಾಚೆಯ ಲಲಿತಾಬಾಯಿಯ ಮೇಲೆ ಹೋಯಿತು. ಅವಳು ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ, ಬಿಸಿ ಇದೆಯೇ ಎಂದು ತನ್ನ ತುಟಿಗೆ ಹಚ್ಚಿ ನೋಡಿ ಆಲ್ವಿನನ ಬಾಯಿಗೆ ಇಡುತ್ತಿದ್ದಳಲ್ಲ, ಅದೇ ನಿನಗೆ ಸಾಕಾಯಿತು. ನವೆಂಬರಿನಲ್ಲಿ ಮಗುವನ್ನು ಕರೆತಂದ ದಿನ ಅವಳು ಹಾಲಿನ ಗಿಂಡಿ ಹಿಡಿದು ಓಡಿ ಬಂದಳು. ನೀನು ಅಂಗಳದಲ್ಲೇ ತಡೆದು 'ನಿಮ್ಮ ಎಂಜಲದಿಂದನ ನನ್ನ ಕೂಸಿಗಿ ಈ ಗತಿ ಬಂದದ. ಇನ್ನ ಮುಂದ ಅವನ ಮೈ ಮುಟ್ಟಬ್ಯಾಡ್ರಿ' ಎಂದಿ. ಅವಳ ಗಂಡ ಧೊಂಡಿಬಾ ಕುರಿ ಹೊಡೆದುಕೊಂಡು ಬರುತ್ತಿದ್ದವನು ಅಲ್ಲೇ ನಿಂತು ಕೇಳಿಸಿಕೊಂಡ. ಅವಳು ಗಿಂಡಿ ತಿರುಗಿ ಒಯ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಅದು ಮನೆಮನೆಗೆ ಬರುವ ವೈರಸ್, ನಾನೂ ಅವನಿಗೆ ನನ್ನ ಬಟ್ಟಲಿನ ಚಹಾ ಕುಡಿಸಿದ್ದೇನೆ, ನೀನೂ ಅವನ ಬಾಯಿಗೆ ಮುತ್ತಿಟ್ಟಿದ್ದಿ, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ನಿನ್ನ ಸಿಟ್ಟು ಅವಳ ಮನೆ ಕಡೆ ಹೋದರೆ ನನ್ನ ಚೀಲದ ಕಡೆ ಬರುವುದಿಲ್ಲ ಎಂದು ಸುಮ್ಮನಿದ್ದೆ. ನಿನ್ನ ಮಾತಿನಂತೆ ಅವಳು ಅಂದಿನಿಂದ ನಮ್ಮ ಹೊಸ್ತಿಲು ದಾಟಿಲ್ಲ.

ಹೋದ ವಾರ ಪಾಸ್ಟರ್ ಫೋನ್ ಮಾಡಿದ್ದರು. ಕೃತಜ್ಞತಾ ಕೂಟದಲ್ಲಿ ಸಾಕ್ಷಿ ಹೇಳಬೇಕು, ಸಿಸ್ಟರ್ ರೂತಮ್ಮ ಇದ್ದದ್ದಕ್ಕೆ ಮಗು ಉಳಿಯಿತು ಎಂದು ಎಲ್ಲರೂ ಹೇಳುತ್ತಾರೆ, ನೀವೇ ನಿಂತು ಹೇಳಬೇಕು ಎಂದರು. ಒಪ್ಪಿಕೊಂಡೆ. ಕಾರ್ಡಿನಲ್ಲಿ ನನ್ನ ಹೆಸರೂ ಅಚ್ಚಾಗಿದೆ. ಅಂದಿನಿಂದ ಏನು ಹೇಳಲಿ ಎಂದು ಬರೆಯಲು ಕೂತರೆ ಪೆನ್ನು ಓಡುತ್ತಿಲ್ಲ. ದೇವರ ಮನೆಯಲ್ಲಿ, ಅಷ್ಟು ಜನರೆದುರು, ಬಿಳಿ ಸೀರೆ ಉಟ್ಟು ನಿಂತು ಸುಳ್ಳು ಸಾಕ್ಷಿ ಹೇಳುವಷ್ಟು ಕೆಟ್ಟವಳಲ್ಲ ನಿನ್ನ ಅವ್ವ. ನನ್ನ ಸಾಕ್ಷಿ ಈ ಕಾಗದವೇ. ಕೂಟ ನಡೆದಾಗ, ಯಾವಾಗ ನಡೆದರೂ, ಇದನ್ನೇ ಓದುತ್ತೇನೆ.

ನಿನ್ನೆ ಸಂಜೆ ನೀನು ಮೂರನೆಯ ಸಲ ಫೋನ್ ಇಟ್ಟ ಮೇಲೆ ನಾನು ಹೈದರಾಬಾದಿನ ಡಾಕ್ಟರರಿಗೆ ಫೋನ್ ಮಾಡಿದೆ. ಈಗಿನ ಲಕ್ಷಣ ಹೇಳಿದೆ. ಅದರ ಜೊತೆಗೇ ಜುಲೈ ಸಂಗತಿಯನ್ನೂ ಹೇಳಿದೆ, ಈ ಸಲ ಯಾರದೋ ಮಗುವಿನ ಮಾತೆಂದು ಸುತ್ತಿ ಹೇಳಲಿಲ್ಲ. ಬೈಯುತ್ತಾರೆಂದು ಕಾದೆ. 'ಯಾವ ತಾರೀಖು, ಎಷ್ಟು ಎಂ.ಎಲ್.?' ಎಂದು ಕೇಳಿದರು. ಹೇಳಿದೆ. ರೋಗ ಶುರುವಾದ ಹೊತ್ತು ತಾವು ತಿಳಿದದ್ದಕ್ಕಿಂತ ಹಿಂದಿನದು, ಮುಂದಿನ ಚಿಕಿತ್ಸೆ ಯೋಚಿಸುವಾಗ ಇದು ಬೇಕಿತ್ತು ಎಂದರು. ಬುಧವಾರವೇ ಹೊರಟು ಬನ್ನಿ, ಬೆಡ್ ಇಡುತ್ತೇವೆ, ಎಂ.ಆರ್.ಐ. ಮಾಡಬೇಕು, ಬೆನ್ನುಹುರಿಯ ನೀರು ನೋಡಬೇಕು, ತಾಯಿ ಜೊತೆಗಿರಲಿ, ಸಹಿ ಬೇಕು ಎಂದರು.

ಆದ್ದರಿಂದ ಕೇಳು. ಗುಲಾಮ ರಸೂಲನ ಬಾಡಿಗೆ ಕಾರು ಹೇಳಿದ್ದೇನೆ. ಎರಡೂವರೆಗೆ ಭಾಲ್ಕಿ ಬಿಡುತ್ತೇವೆ. ನಾಲ್ಕಕ್ಕೆ ಬೀದರ ಬಸ್ ಸ್ಟ್ಯಾಂಡಿನ ಮುಂದೆ ಇರುತ್ತೇವೆ. ನಿನಗೆ ಔರಾದಿನಿಂದ ಎರಡು ಗಂಟೆಯ ಬಸ್ಸು ಸಿಗುತ್ತದೆ. ಅರ್ಜಿ ಬರೆದು ಹೆಡ್ ಮಾಸ್ತರರ ಮೇಜಿನ ಮೇಲಿಟ್ಟು ಹೊರಡು, ಅವರು ಒಳಗಿರಲಿ ಬಿಡಲಿ. ಹಳೆಯ ಫೈಲು, ಎಂ.ಆರ್.ಐ. ಫಿಲ್ಮು ನಿನ್ನ ಅಲ್ಮೇರಾದಲ್ಲಿವೆ, ಮರೆಯದೆ ತಾ. ನಾಲ್ಕೂವರೆಗೆ ಕಾರು ಬೀದರ ಬಿಡುತ್ತದೆ, ನೀನು ಬಂದರೂ, ಬಾರದಿದ್ದರೂ. ಸಹಿಗೆ ಮಾರ್ಕ ಅವರನ್ನು ಕರೆಯಬಹುದಿತ್ತು, ತಂದೆಯ ಸಹಿಯೂ ನಡೆಯುತ್ತದೆ. ಆದರೆ ನಿನ್ನ ಬೆನ್ನ ಹಿಂದೆ ಒಂದು ಸಲ ಮಾಡಿದ್ದೇ ಸಾಕು. ನಿನಗೆ ಹೇಳಿ, ನಿನ್ನ ಕಣ್ಣೆದುರು ಒಯ್ಯುತ್ತೇನೆ.

ಈ ಸಲ ಬೆನ್ನಿನ ಸೂಜಿಗೆ ಅವನನ್ನು ನಾನು ಹಿಡಿಯುತ್ತೇನೆ. ನೀನು ಅವನ ಮುಖದ ಕಡೆ ಕೂತು ಮಾತಾಡು. ಅವನು ಸುಮ್ಮನೆ ನೋಡಿದರೆ ನೋಡಲಿ, ನೀನು ಮಾತು ನಿಲ್ಲಿಸಬೇಡ. ಮೆದುಳಿನ ಪೆಟ್ಟು ಪೂರ್ತಿ ವಾಸಿಯಾಗುತ್ತದೆ ಎಂದು ನಾನು ಸುಳ್ಳು ಧೈರ್ಯ ಹೇಳುವುದಿಲ್ಲ, ನನ್ನ ಸುಳ್ಳಿನ ಪಾಲು ಮುಗಿದಿದೆ. ಆದರೆ ಬೇಗ ಹೋದಷ್ಟೂ ಉಳಿಯುವುದು ಹೆಚ್ಚು, ಇದು ನಿಜ. ಕಳೆದ ಸಲ ಎಡಗೈ ಎತ್ತಲಾರದೆ ಬಂದವನು ಕ್ರಿಸ್‌ಮಸ್ಸಿಗೆ ಎರಡೂ ಕೈಯಿಂದ ಬಲೂನು ಹಿಡಿದ. ಚಮಚವನ್ನು ಮತ್ತೆ ಚಮಚ ಎನ್ನುವಂತೆ ಅವನಿಗೆ ನಾವಿಬ್ಬರೂ ಕೂತು ಕಲಿಸೋಣ. ನೀನು ನೂರಾರು ಮಕ್ಕಳಿಗೆ ಅಕ್ಷರ ಕಲಿಸಿದವಳು, ನಿನ್ನ ಮಗನಿಗೆ ಹತ್ತು ಮಾತು ತಿರುಗಿ ಕಲಿಸಲಾರೆಯಾ?

ನನ್ನ ಮೇಲೆ ಸಿಟ್ಟು ಮಾಡು. ಮಾಡಲೇಬೇಕು. ವರ್ಷಗಟ್ಟಲೆ ಮಾತು ಬಿಟ್ಟರೂ ನಾನು ದೂರುವುದಿಲ್ಲ. ಆದರೆ ಆ ಸಿಟ್ಟನ್ನು ಕಾರಿನಲ್ಲಿ ನನ್ನ ಪಕ್ಕ ಕೂತು ಮಾಡು. ಔರಾದಿನಲ್ಲಿ ಕೂತು ಮಾಡಬೇಡ.

ಚರ್ಮದ ಚೀಲವನ್ನು ಬೆಳಿಗ್ಗೆ ಭಾಲ್ಕಿಯ ಡಾಕ್ಟರರ ಹತ್ತಿರ ಒಯ್ದು, ಒಳಗಿದ್ದ ಸೂಜಿ, ಬಾಟಲಿಗಳನ್ನೆಲ್ಲ ಅವರ ಕಂಪೌಂಡರನ ಕೈಗೆ ಹಾಕಿ ಬಂದೆ. ಖಾಲಿ ಚೀಲದಲ್ಲಿ ಈಗ ಆಲ್ವಿನನ ಅಂಗಿ ಚಡ್ಡಿ ತುಂಬಿದ್ದೇನೆ. ಜುಲೈ ಹಾಳೆಯ ಮೂರು ಸಾಲನ್ನೂ ತುಂಬಿದೆ. ತಾರೀಖು, ಮದ್ದು, ಪ್ರಮಾಣ, ಕೊಟ್ಟವರ ಹೆಸರು. ರಿಜಿಸ್ಟರ್ ನನ್ನ ಜೊತೆ ಬರುತ್ತದೆ, ಡಾಕ್ಟರರ ಮೇಜಿನ ಮೇಲೆ ನಾನೇ ಇಡುತ್ತೇನೆ.

ಬಾ, ಮಗಳೇ.

ನಿನ್ನ ತಪ್ಪಿತಸ್ಥ ಅವ್ವ,
ರೂತಮ್ಮ

ತಾಜಾ ಕಲಂ: ಲಕೋಟೆಗೆ ಹಾಕುವ ಮೊದಲು ಕಾಗದವನ್ನು ಇನ್ನೊಮ್ಮೆ ಓದಿದೆ. ಎರಡು ಕಡೆ ತಪ್ಪಿದೆ. ತಪ್ಪೊಪ್ಪಿಕೊಳ್ಳಲು ಕೂತಾಗಲೂ ಈ ಮುದುಕಿ ತನ್ನ ಹೆಸರು ಉಳಿಸಿಕೊಂಡಿದ್ದಾಳೆ, ನೋಡು. ಹಾಳೆ ಹರಿದು ಬೇರೆ ಬರೆಯುವುದಿಲ್ಲ. ಮೇಟ್ರನ್ ಹೇಳಿದ ಹಾಗೆ ಕೆಳಗೆ ಸರಿ ಮಾಡುತ್ತೇನೆ.

ಗುರುವಾರ ಸ್ನಾನ ಮಾಡಿಸುವಾಗ ಕಣ್ಣು ಜಾರಿದ್ದನ್ನು ನೋಡಿದೆ ಎಂದು ಬರೆದಿದ್ದೇನೆ. ನಾನು ನೋಡಲಿಲ್ಲ. ನನ್ನ ಮೊಣಕಾಲು ಬಚ್ಚಲಿನಲ್ಲಿ ಕೂರಲು ಬಿಡದೆ ವರ್ಷವಾಯಿತು. ಲಲಿತಾಬಾಯಿ ಹೊಸ್ತಿಲು ದಾಟಿಲ್ಲ ಎಂದದ್ದು ಅಷ್ಟರ ಮಟ್ಟಿಗೆ ನಿಜ, ಅವಳು ಹಿತ್ತಲ ಬಾಗಿಲಿನಿಂದ ಬರುತ್ತಾಳೆ. ನೀನು ಆಡಿದ ಮಾತು ಕೇಳಿಸಿಕೊಂಡ ಮೇಲೂ, ಜನವರಿಯಲ್ಲಿ ನೀನು ಮಗುವನ್ನು ನನ್ನ ಹತ್ತಿರ ಬಿಟ್ಟಾಗಿನಿಂದ ದಿನವೂ ಬಂದು ಸ್ನಾನ ಮಾಡಿಸಿ ಹೋಗುತ್ತಾಳೆ. ಕಣ್ಣು ನೋಡಿದವಳು ಅವಳು. ವಾಲುವುದನ್ನು ನೋಡಿದವಳೂ ಅವಳು. ಸೋಪಿನ ಉರಿ ಎಂದದ್ದು ನಾನು, ನಿನಗಿಂತ ಮೊದಲು ಆಟ ಎಂದದ್ದೂ ನಾನೇ. ಅವಳು ಕೇಳಲಿಲ್ಲ. 'ಸಿಸ್ಟರಮ್ಮ, ಕೂಸು ಒಂದ ಬಾಜೂಕ ವಾಲ್ತದ ನೋಡ್ರಿ. ನಮ್ಮ ಮರಿ ಹಿಂಗ ನಡದ್ರ ನಾವು ಕಾಲ ನೋಡಂಗಿಲ್ರಿ, ತಲಿ ನೋಡ್ತೇವ್ರಿ' ಎಂದಳು. ಜುಲೈ ಇಪ್ಪತ್ತೆರಡಕ್ಕೆ ಪಕ್ಕೆಯ ಕೆಳಗೆ ಗಟ್ಟಿಯಾದದ್ದು ಹತ್ತಿದ್ದೂ ಅವಳ ಕೈಗೇ, ಕುರಿಮರಿಯ ಹೊಟ್ಟೆ ಒತ್ತಿ ನೋಡುವ ಕೈಗೆ. ಅಂದೇ ಬೀದರಿಗೆ ನಡೆಯಿರಿ ಎಂದು ಅಂಗಲಾಚಿದಳು. ಎರಡು ದಿನ ತಡೆದದ್ದು ನಾನು. ಊರೆಲ್ಲ ಹೊಗಳುವ ಸಿಸ್ಟರ್ ರೂತಮ್ಮ ಎರಡು ಸಲವೂ ಏನನ್ನೂ ಕಂಡುಹಿಡಿದಿಲ್ಲ.

ಈ ಕಾಗದವನ್ನು ಅವಳಿಗೆ ಈಗಷ್ಟೇ ಓದಿ ಹೇಳಿದೆ. ಎಂಜಲಿನ ಮಾತು ಬಂದಾಗ ಸೆರಗಿನಿಂದ ಮುಖ ಒರೆಸಿಕೊಂಡಳು. ಕ್ಷಮಿಸು ಎಂದು ಕೇಳಿದೆ. 'ಅದೆಲ್ಲ ಆಮ್ಯಾಲ ನೋಡೂಣ್ರಿ, ಕಾರು ಎಷ್ಟಕ್ಕ ಬರ್ತದ?' ಎಂದಳು. ಧೊಂಡಿಬಾನಿಗೆ ಕುರಿ ಒಪ್ಪಿಸಿ ನಮ್ಮ ಜೊತೆ ಹೈದರಾಬಾದಿಗೆ ಬರುತ್ತಿದ್ದಾಳೆ. ನಾಲ್ಕು ಗಂಟೆಗೆ ನೀನು ಕಾರಿನ ಬಾಗಿಲು ತೆರೆದಾಗ ಆಲ್ವಿನ ಅವಳ ತೊಡೆಯ ಮೇಲಿರುತ್ತಾನೆ. ಮೊದಲು ಅವಳ ಕೈ ಹಿಡಿ. ಆಮೇಲೆ ಮಗುವನ್ನು ಎತ್ತಿಕೋ.

ತಿದ್ದಿ ಬರೆದವಳು: ರೂತಮ್ಮ. ಹೊತ್ತು: ಹತ್ತು ಗಂಟೆ ಇಪ್ಪತ್ತು ನಿಮಿಷ.